ಶವರ್ ಪಕ್ಕದ ಗಾಜಿನ ಗೋಡೆ: ಯಾವ ಸಾಫ್ಟ್‌ವೇರ್‌ನಲ್ಲಿ ಹೇಗೆ ಬಿಡಿಸುವುದು?

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಹೊಸ ಬಡಾವಣೆಗಳಲ್ಲಿ 30×40 ಸೈಟಿನ ಮನೆಗಳ ಬಾತ್‌ರೂಮ್ ಸಾಮಾನ್ಯವಾಗಿ 4×7, 5×7, ಹೆಚ್ಚೆಂದರೆ 5×8 ಅಡಿ. ಕಮೋಡ್, ವಾಷ್ ಬೇಸಿನ್, ಗೀಸರ್, ಬಕೆಟ್ಟು, ಸ್ಟೂಲು ಎಲ್ಲ ಇಷ್ಟರಲ್ಲೇ ಕೂರಬೇಕು. ಜತೆಗೆ ಶವರಿನ ನೀರು ಕಮೋಡಿನ ಮೇಲೆ ಸಿಡಿಯದ ಹಾಗೆ ಒಂದು ಗ್ಲಾಸ್ ಪಾರ್ಟಿಷನ್ ಬೇರೆ. ದುಡ್ಡು ಹಾಕುವ ಮೊದಲು ಕಂಪ್ಯೂಟರಿನಲ್ಲಿ ಬಿಡಿಸಿ ನೋಡೋಣ ಎಂದು ಕೂತವರು ಬಹುಬೇಗ ಒಂದು ಕಡೆ ಸಿಕ್ಕಿಹಾಕಿಕೊಳ್ಳುತ್ತಾರೆ. ಗೋಡೆ ಎಳೆಯುವ ಟೂಲ್‌ನಿಂದ ಎಳೆದರೆ ಗಾಜು ಇಟ್ಟಿಗೆ ಗೋಡೆಯ ಹಾಗೆ ಮುಚ್ಚಿಕೊಂಡು ನಿಲ್ಲುತ್ತದೆ. ಅದನ್ನು ಪಾರದರ್ಶಕ ಮಾಡಲು ಹೋದರೆ ಇಡೀ ಮನೆಯ ಗೋಡೆಗಳೇ ಪಾರದರ್ಶಕವಾಗುತ್ತವೆ.

ಇದಕ್ಕೆ ಕಾರಣ, ಪ್ರತಿ ಸಾಫ್ಟ್‌ವೇರೂ ಗಾಜನ್ನು ಒಂದೊಂದು ಲೆಕ್ಕದಲ್ಲಿ ನೋಡುತ್ತದೆ. ಸ್ವೀಟ್ ಹೋಮ್ 3ಡಿಗೆ ಅದು ಮಂಚ, ಬೀರುವಿನಂತೆ ತಂದಿಡುವ ಸಾಮಾನು. ಸ್ಕೆಚ್‌ಅಪ್‌ಗೆ ಅದು ಬಣ್ಣ ಬಳಿದ ಒಂದು ತೆಳು ಹಲಗೆ. ಚೀಫ್ ಆರ್ಕಿಟೆಕ್ಟ್‌ಗೆ ನಿಜವಾಗಿಯೂ ಗೋಡೆ. ಬ್ಲೆಂಡರ್‌ಗೆ ಬೆಳಕನ್ನು ಬಗ್ಗಿಸುವ ಘನವಸ್ತು. ಯಾವುದು ದೊಡ್ಡ ಸಾಫ್ಟ್‌ವೇರ್ ಎಂದು ಹುಡುಕುತ್ತ ಕೂರುವುದಕ್ಕಿಂತ ನಿಮ್ಮ ಚಿತ್ರವನ್ನು ಕೊನೆಗೆ ನೋಡುವವರು ಯಾರು ಎಂದು ಮೊದಲು ತೀರ್ಮಾನಿಸಿಕೊಳ್ಳಿ: ಮನೆಯವರೋ, ಟೈಲ್ಸ್ ಮೇಸ್ತ್ರಿಯೋ, ಗಾಜು ಕತ್ತರಿಸುವವರೋ? ಮೂವರಿಗೂ ಬೇಕಾದದ್ದು ಬೇರೆ ಬೇರೆ.

ಎಳೆಯುವ ಮೊದಲು ಅಳತೆ

ಯಾವ ಸಾಫ್ಟ್‌ವೇರ್ ಆದರೂ ಇಲ್ಲಿ ತಪ್ಪಿದರೆ ಮುಂದಿನದ್ದೆಲ್ಲ ಬರೀ ಚಂದದ ಚಿತ್ರ. ಪ್ಲಾನಿನಲ್ಲಿ 5×8 ಎಂದಿರುವುದು ಇಟ್ಟಿಗೆಯಿಂದ ಇಟ್ಟಿಗೆಗೆ, ಅಂದರೆ 1524×2438 ಮಿ.ಮೀ. ಅದರ ಮೇಲೆ ಪ್ಲಾಸ್ಟರ್ 12ರಿಂದ 15 ಮಿ.ಮೀ., ಅಂಟು 3ರಿಂದ 5, ಟೈಲ್ 8ರಿಂದ 10. ಒಂದೊಂದು ಕಡೆ 25 ಎಂದು ಹಿಡಿದರೂ ಉಳಿಯುವುದು 1474×2388. ಅಂಟಿನ ಬದಲು ಸಿಮೆಂಟ್ ಗಾರೆಯಲ್ಲಿ ಟೈಲ್ ಕೂರಿಸಿದರೆ ಇನ್ನೂ ಒಳಕ್ಕೆ ಬರುತ್ತದೆ. ಮಾಲೂರಿನ ಇಟ್ಟಿಗೆಯ ಗೋಡೆಯಾಗಲಿ, 6 ಇಂಚಿನ ಸಿಮೆಂಟ್ ಬ್ಲಾಕ್ ಆಗಲಿ, ಈ ಲೆಕ್ಕ ಬದಲಾಗುವುದಿಲ್ಲ. ಅದಕ್ಕೇ ಬಾತ್‌ರೂಮನ್ನು ಯಾವಾಗಲೂ ಟೈಲ್ ಆದ ಮೇಲಿನ ಒಳ ಅಳತೆಯಲ್ಲೇ ಬಿಡಿಸಬೇಕು.

ಈ 5×8ರ ಉದಾಹರಣೆಯನ್ನೇ ಕೊನೆಯವರೆಗೂ ಹಿಡಿದುಕೊಳ್ಳೋಣ. ಬಾಗಿಲಿಗೆ ದೂರದ ತುದಿಯಲ್ಲಿ 900 ಮಿ.ಮೀ. ಆಳದ ಶವರ್ ಜಾಗ. ಅದರ ಅಂಚಿನಲ್ಲಿ, 1474ರ ಅಗಲಕ್ಕೆ ಅಡ್ಡಲಾಗಿ, 750 ಮಿ.ಮೀ. ಅಗಲದ ಒಂದೇ ಒಂದು ಅಲ್ಲಾಡದ ಗಾಜು. ಉಳಿದ 724 ಮಿ.ಮೀ. ಓಡಾಡಲು. ಬಕೆಟ್ಟು, ಚೊಂಬು ಒಳಗೆ ಹೊರಗೆ ಸಾಗಿಸುವ ಮನೆಗಳಲ್ಲಿ ಇದು 600ಕ್ಕಿಂತ ಕಡಿಮೆಯಾದರೆ ದಿನವೂ ಮೊಣಕೈ ತಾಗುತ್ತದೆ.

ಬಾಗಿಲು ಇರುವ ಗಾಜು ಬೇಕು ಎನ್ನುವವರು ಕಮೋಡಿನ ಮುಂಚಾಚನ್ನು ಪ್ಲಾನಿನಲ್ಲಿ ಹಾಕಿ ನೋಡಲೇಬೇಕು. ಕಮೋಡ್ ಗೋಡೆಯಿಂದ ಸುಮಾರು 650ರಿಂದ 700 ಮಿ.ಮೀ. ಮುಂದಕ್ಕೆ ಬರುತ್ತದೆ. ಶವರ್ ಬಾಗಿಲು ಹೊರಕ್ಕೆ ತೆರೆಯಬೇಕು. ಒಳಗೆ ಯಾರಾದರೂ ಜಾರಿ ಬಿದ್ದರೆ ಒಳಕ್ಕೆ ತೆರೆಯುವ ಬಾಗಿಲನ್ನು ಅವರ ಮೈಯೇ ತಡೆಯುತ್ತದೆ. 650ರ ಬಾಗಿಲು ಹೊರಕ್ಕೆ ತಿರುಗುವ ಕಮಾನನ್ನು ಎಳೆದು ನೋಡಿ. 4 ಅಡಿ ಅಗಲದ ಬಾತ್‌ರೂಮಿನಲ್ಲಿ ಅದು ಕಮೋಡಿಗೋ ಬೇಸಿನ್ನಿಗೋ ಬಡಿಯುವುದು ಬಹುತೇಕ ಖಾತ್ರಿ. ಅಲ್ಲಿ ಬಾಗಿಲಿನ ಯೋಚನೆ ಬಿಟ್ಟು ಅಲ್ಲಾಡದ ಒಂದು ಹಾಳೆಗೆ ಒಪ್ಪಿಕೊಳ್ಳುವುದೇ ಸರಿ.

ಸ್ವೀಟ್ ಹೋಮ್ 3ಡಿ: ಹಳೆ ಲ್ಯಾಪ್‌ಟಾಪಿಗೂ ಆಗುತ್ತದೆ, ಆದರೆ ಒಂದು ಉಪಾಯ ಬೇಕು

ಉಚಿತ, ಮುಕ್ತ ತಂತ್ರಾಂಶ. ತಮ್ಮ ಮನೆಯನ್ನು ತಾವೇ ಬಿಡಿಸಿಕೊಳ್ಳುವವರಿಗೆ ನಮ್ಮ ಮೊದಲ ಆಯ್ಕೆ ಇದು. ಪ್ಲಾನ್ ಎಳೆದ ಕೂಡಲೇ ಕೆಳಗೆ 3ಡಿ ಕಾಣುತ್ತದೆ, ಕಲಿಯಲು ಒಂದು ಸಂಜೆ ಸಾಕು.

ಗೋಡೆಯ ವಿಷಯದಲ್ಲಿ ಇದರ ಮಿತಿ ನೇರವಾಗಿದೆ. ಗೋಡೆಗಳ ಪಾರದರ್ಶಕತೆಗೆ ಇರುವ ಸ್ಲೈಡರ್ 3ಡಿ ನೋಟದ ಸೆಟ್ಟಿಂಗ್ಸ್‌ನಲ್ಲಿದೆ, ಮತ್ತು ಅದು ಎಲ್ಲ ಗೋಡೆಗಳಿಗೂ ಒಟ್ಟಿಗೆ ಅನ್ವಯಿಸುತ್ತದೆ. ಒಂದು ಗೋಡೆಯನ್ನು ಮಾತ್ರ ಗಾಜು ಮಾಡಲು ಬರುವುದಿಲ್ಲ. ದಪ್ಪ 0.8 ಸೆಂ.ಮೀ. ಎಂದು ಬರೆದು ಗೋಡೆ ಎಳೆದು, ತಿಳಿನೀಲಿ ಬಣ್ಣ ಬಳಿದು, ಇದೇ ಗಾಜು ಎಂದುಕೊಳ್ಳುವವರಿದ್ದಾರೆ. ಅದರಿಂದ ಇನ್ನೊಂದು ತೊಂದರೆ ಅಂಟಿಕೊಳ್ಳುತ್ತದೆ. ಶವರಿನ ಸುತ್ತ ಗಾಜು ಪೂರಾ ಆವರಿಸಿದ್ದರೆ, ರೂಮ್ ಟೂಲ್‌ನಲ್ಲಿ ಡಬಲ್ ಕ್ಲಿಕ್ ಮಾಡಿದಾಗ ಬಾತ್‌ರೂಮ್ ಎರಡು ಕೋಣೆಯಾಗಿ ಒಡೆಯುತ್ತದೆ. ನೆಲದ ಟೈಲ್ಸ್ ಲೆಕ್ಕ ಅಲ್ಲಿಗೆ ಕೆಟ್ಟಿತು.

ಕ್ಯಾಟಲಾಗ್‌ನಲ್ಲಿರುವ ತೆರೆಯದ ಕಿಟಕಿಯನ್ನು ತಂದು ಅಗಲ, ಎತ್ತರ ಹಿಗ್ಗಿಸುವುದು ಎರಡನೇ ದಾರಿ. ಬೇಗ ಆಗುತ್ತದೆ, ಗಾಜೂ ಕಾಣುತ್ತದೆ. ಆದರೆ ಕಿಟಕಿಯ ಚೌಕಟ್ಟು ಜತೆಗೇ ಹಿಗ್ಗುತ್ತದೆ. ಕಿಟಕಿ ಎಂದ ಮೇಲೆ ಅದು ತಾಗಿದ ಗೋಡೆಯಲ್ಲಿ ತೂತು ಕೊರೆಯುವುದು ಅದರ ಸ್ವಭಾವ. ಗಾಜಿನ ತುದಿ ಟೈಲ್ ಗೋಡೆಯೊಳಗೆ ಸ್ವಲ್ಪ ನುಗ್ಗಿದರೂ ಅಲ್ಲೊಂದು ಸೀಳು ಕಾಣುತ್ತದೆ.

ಅಚ್ಚುಕಟ್ಟಾಗಿ ಬರಬೇಕೆಂದರೆ ಗಾಜಿನ ಹಾಳೆಯನ್ನು ನೀವೇ ತಯಾರಿಸಿಕೊಳ್ಳಬೇಕು. ಬೇರೆ ಸಾಫ್ಟ್‌ವೇರ್ ಬೇಕಿಲ್ಲ. ಇತರೆ ವಸ್ತುಗಳ ಪಟ್ಟಿಯಿಂದ ಡಬ್ಬಿಯಾಕಾರದ ಬಾಕ್ಸನ್ನು ಪ್ಲಾನಿಗೆ ಎಳೆದು ಅಗಲ 75, ಆಳ 0.8, ಎತ್ತರ 208 ಸೆಂ.ಮೀ. ಕೊಡಿ. ಅನುಪಾತ ಉಳಿಸುವ ಗುರುತನ್ನು ಮೊದಲೇ ತೆಗೆದಿರಬೇಕು, ಇಲ್ಲವಾದರೆ ಒಂದನ್ನು ಬದಲಿಸಿದಾಗ ಉಳಿದೆರಡೂ ಬದಲಾಗುತ್ತವೆ. ಬಾಕ್ಸನ್ನು ಮಾತ್ರ ಆಯ್ದುಕೊಂಡು 3ಡಿ ಮೆನುವಿನಿಂದ ಓಬಿಜೆ ರೂಪಕ್ಕೆ ರಫ್ತು ಮಾಡಿ. ಆಯ್ದದ್ದು ಮಾತ್ರ ಸಾಕೇ ಎಂದು ಕೇಳಿದಾಗ ಹೌದು ಎನ್ನಿ. ಒಂದೇ ಹೆಸರಿನ ಎರಡು ಕಡತ ಸಿಗುತ್ತವೆ: ಆಕಾರದ ಓಬಿಜೆ, ಬಣ್ಣದ ಎಂಟಿಎಲ್. ಎಂಟಿಎಲ್ ಕಡತವನ್ನು ನೋಟ್‌ಪ್ಯಾಡ್‌ನಲ್ಲಿ ತೆರೆಯಿರಿ. ಇಂಗ್ಲಿಷಿನ ಸಣ್ಣಕ್ಷರ ‘ಡಿ’ಯಿಂದ ಶುರುವಾಗುವ ಸಾಲಿದ್ದರೆ ಅದರ ಮುಂದೆ 0.25 ಎಂದು ತಿದ್ದಿ; ಇಲ್ಲದಿದ್ದರೆ ಮಟೀರಿಯಲ್ ಹೆಸರಿನ ಕೆಳಗೆ ಆ ಸಾಲನ್ನು ಹೊಸದಾಗಿ ಬರೆಯಿರಿ. 1 ಅಂದರೆ ಪೂರಾ ಮುಚ್ಚಿದ್ದು, 0 ಅಂದರೆ ಕಾಣದೇ ಹೋಗುವುದು. ‘ಕೆಡಿ’ ಸಾಲಿನಲ್ಲಿ ಬಣ್ಣ ಇರುತ್ತದೆ, 0.80, 0.90, 0.88 ಕೊಟ್ಟರೆ ಮಾಮೂಲಿ ಗಾಜಿನ ತಿಳಿಹಸಿರು. ಎರಡನ್ನೂ ಒಂದೇ ಫೋಲ್ಡರಿನಲ್ಲಿಟ್ಟು, ಇಲ್ಲವೇ ಒಂದೇ ಜಿಪ್ ಮಾಡಿ, ಪೀಠೋಪಕರಣದ ಆಮದು ವಿಝಾರ್ಡ್‌ನಿಂದ ಒಳಗೆ ತನ್ನಿ. ಅಲ್ಲಿ ಕೇಳುವ ಗುರುತುಗಳಲ್ಲಿ ‘ಬಾಗಿಲು ಅಥವಾ ಕಿಟಕಿ’ ಎಂಬುದನ್ನು ಖಾಲಿ ಬಿಡಿ. ಅಳತೆಯನ್ನು ಮತ್ತೊಮ್ಮೆ ನೋಡಿ, ನೆಲದಿಂದ ಎತ್ತರ 2 ಸೆಂ.ಮೀ. ಎಂದು ಕೊಡಿ. ಆ 2 ಸೆಂ.ಮೀ. ಯಾಕೆ ಎಂಬುದು ಮುಂದೆ ಬರುತ್ತದೆ.

ಇಲ್ಲಿ ಎಡವುವ ಒಂದು ಕಡೆ ಇದೆ. ಕೆಲವು ಸಾಫ್ಟ್‌ವೇರ್‌ಗಳು ‘ಡಿ’ ಬದಲು ‘ಟಿಆರ್’ ಎಂಬ ಸಾಲು ಬರೆಯುತ್ತವೆ, ಅದರ ಅರ್ಥ ತಲೆಕೆಳಗು: ಅಲ್ಲಿ 0 ಮುಚ್ಚಿದ್ದು, 1 ಪಾರದರ್ಶಕ. ಎಲ್ಲಿಂದಲೋ ಇಳಿಸಿಕೊಂಡ ಶವರ್ ಮಾದರಿಯಲ್ಲಿ ಗಾಜೇ ಕಾಣದಿದ್ದರೆ, ಅಥವಾ ಹಾಲುಬಿಳಿ ಹಲಗೆಯಂತೆ ಕಂಡರೆ, ಮೊದಲು ನೋಡಬೇಕಾದದ್ದು ಈ ಎರಡು ಸಾಲು.

ಗೋಡೆಯ ಅಳತೆಯಲ್ಲೂ ಹುಷಾರು. ಸ್ವೀಟ್ ಹೋಮ್ 3ಡಿಯಲ್ಲಿ ಗೋಡೆಯ ಉದ್ದ ಅದರ ದಪ್ಪದ ನಡುಗೆರೆಯ ಮೇಲೆ ಲೆಕ್ಕವಾಗುತ್ತದೆ. 19 ಸೆಂ.ಮೀ. ದಪ್ಪದ ಗೋಡೆಗಳ ನಡುವೆ ಒಳಗೆ 147.4 ಸೆಂ.ಮೀ. ಬೇಕೆಂದರೆ ಟೈಪ್ ಮಾಡಬೇಕಾದದ್ದು 166.4. ಎಳೆಯುವಾಗ ಎಂಟರ್ ಒತ್ತಿದರೆ ಉದ್ದವನ್ನು ಬರೆಯುವ ಜಾಗ ಬರುತ್ತದೆ. ಎಳೆದ ಮೇಲೆ ಅಳತೆಗೆರೆ ಹಾಕಿ ಒಳ ಅಗಲವನ್ನು ಖಚಿತಪಡಿಸಿಕೊಳ್ಳಿ.

ಫೋಟೊ ತೆಗೆಯುವಾಗ ನಾಲ್ಕು ಹಂತದ ಗುಣಮಟ್ಟ ಕೇಳುತ್ತದೆ. ಕೆಳಗಿನ ಎರಡರಲ್ಲಿ ಗಾಜು ಬರೀ ತೆಳುಬಣ್ಣದ ಪರದೆಯಂತೆ ಬರುತ್ತದೆ. ಮೇಲಿನ ಎರಡರಲ್ಲಿ ಬೆಳಕಿನ ಲೆಕ್ಕ ನಡೆಯುವುದರಿಂದ ಗಾಜು ಗಾಜಿನಂತೆ ಕಾಣುತ್ತದೆ, ಸಮಯ ಹೆಚ್ಚು ಹಿಡಿಯುತ್ತದೆ. ಬಾತ್‌ರೂಮಿನೊಳಗೆ ಒಂದಾದರೂ ದೀಪ ಇಟ್ಟಿರಬೇಕು.

ಸ್ಕೆಚ್‌ಅಪ್: ಅಳತೆಯೂ ಬೇಕು, ನೋಟವೂ ಬೇಕು ಎನ್ನುವವರಿಗೆ

ಇಂಟೀರಿಯರ್ ಕೆಲಸದವರು, ಮಾಡ್ಯುಲರ್ ಕಿಚನ್ ಮಾಡುವವರು ಇದನ್ನೇ ಹಿಡಿದಿರುವುದಕ್ಕೆ ಕಾರಣವಿದೆ. ಇಲ್ಲಿ ಗಾಜು, ಹಿಂಜ್, ಗಾಜಿನ ಅಂಚನ್ನು ಹಿಡಿದಿಡುವ ಯು ಚಾನಲ್ ಪಟ್ಟಿ ಎಲ್ಲವನ್ನೂ ಮಿಲಿಮೀಟರ್ ಲೆಕ್ಕದಲ್ಲಿ ಬಿಡಿಸಬಹುದು. ಬ್ರೌಸರ್‌ನಲ್ಲಿ ಓಡುವ ಉಚಿತ ಆವೃತ್ತಿಯಲ್ಲೇ ಅಳತೆಯಂತೆ ಬಿಡಿಸಬಹುದು, ಆದರೆ ಮಟೀರಿಯಲ್ಲಿನ ಪಾರದರ್ಶಕತೆಯನ್ನು ತಿದ್ದಲು ಹಣ ಕೊಡುವ ಆವೃತ್ತಿ ಬೇಕು.

ನೆಲದ ಮೇಲೆ ಆಯತ ಶುರುಮಾಡಿ 750,8 ಎಂದು ಟೈಪ್ ಮಾಡಿ ಎಂಟರ್ ಒತ್ತಿ. ಪುಷ್/ಪುಲ್ ಹಿಡಿದು ಮೇಲಕ್ಕೆ ಎಳೆದು 2080 ಬರೆಯಿರಿ. ಮೂರು ಸಲ ಕ್ಲಿಕ್ ಮಾಡಿ ಪೂರಾ ಹಲಗೆಯನ್ನು ಆಯ್ದು ಕಾಂಪೊನೆಂಟ್ ಮಾಡಿ. ಇದನ್ನು ಬಿಟ್ಟವರ ಗಾಜು ಪಕ್ಕದ ಟೈಲ್ ಗೋಡೆಗೆ ಅಂಟಿಕೊಳ್ಳುತ್ತದೆ. ಆಮೇಲೆ ಗಾಜನ್ನು ಸರಿಸಿದರೆ ಗೋಡೆಯೂ ಎಳೆದುಕೊಂಡು ಬರುತ್ತದೆ. ಮಟೀರಿಯಲ್ಸ್‌ನಲ್ಲಿ ಗಾಜಿನ ಗುಂಪಿದೆ, ಅದರಿಂದ ಬೂದು ಅಥವಾ ತಿಳಿಹಸಿರಿನ ಟ್ರಾನ್ಸ್‌ಲೂಸೆಂಟ್ ಗ್ಲಾಸ್ ಆರಿಸಿ ಬಳಿಯಿರಿ.

ಅಪಾರದರ್ಶಕತೆಯ ಶೇಕಡಾ ಎಷ್ಟಿರಬೇಕು ಎಂಬುದರಲ್ಲಿ ಒಂದು ಗುಣಾಕಾರ ಅಡಗಿದೆ. ಹಲಗೆಗೆ ಮುಂದೊಂದು, ಹಿಂದೊಂದು ಮುಖ. ಶೇ. 20 ಇಟ್ಟರೆ ಒಂದು ಮುಖ ಶೇ. 80ನ್ನು ಬಿಡುತ್ತದೆ, ಎರಡು ಸೇರಿ 0.8×0.8, ಅಂದರೆ ಶೇ. 64. ಎಲ್ ಆಕಾರದ ಪಾರ್ಟಿಷನ್‌ನಲ್ಲಿ ಎರಡು ಹಾಳೆ ಒಂದರ ಹಿಂದೊಂದು ಬಂದರೆ ಶೇ. 41ಕ್ಕೆ ಇಳಿಯುತ್ತದೆ, ಹಿಂದಿನ ಟೈಲ್ ಮಂಕಾಗುತ್ತದೆ. ಹಾಗಾಗಿ ಒಂದೊಂದು ಮುಖಕ್ಕೆ ಶೇ. 8ರಿಂದ 12 ಇಟ್ಟರೆ ತಿಳಿಗಾಜು ಸರಿಯಾಗಿ ಕಾಣುತ್ತದೆ. 8 ಮಿ.ಮೀ. ಅಗಲದ ಅಂಚುಗಳಿಗೆ ಮಾತ್ರ ಗಾಢ ಹಸಿರನ್ನು ಶೇ. 60–65ರಲ್ಲಿ ಬಳಿಯಿರಿ. ಮಾಮೂಲಿ ಗಾಜಿನಲ್ಲಿ ಕಬ್ಬಿಣದ ಅಂಶ ಇರುವುದರಿಂದ ಅಂಚು ಹಸಿರಾಗಿಯೇ ಕಾಣುವುದು. ಚಿತ್ರದಲ್ಲಿ ಅದೊಂದು ಗೆರೆ ಬಂದರೆ ಅಲ್ಲಿ ಗಾಜಿದೆ ಎಂದು ನೋಡುವವರಿಗೆ ಹೇಳಬೇಕಾಗಿಯೇ ಇಲ್ಲ.

ನೆರಳು ಹಾಕಿ ನೋಡುವವರು ಇನ್ನೊಂದು ತಿಳಿದಿರಬೇಕು. ಸ್ಕೆಚ್‌ಅಪ್‌ನಲ್ಲಿ ಶೇ. 70 ಮತ್ತು ಅದಕ್ಕಿಂತ ಹೆಚ್ಚು ಅಪಾರದರ್ಶಕವಾದ ಮುಖ ಪೂರ್ತಿ ನೆರಳು ಚೆಲ್ಲುತ್ತದೆ, ಅದಕ್ಕಿಂತ ಕಡಿಮೆಯದು ಚೆಲ್ಲುವುದೇ ಇಲ್ಲ. ನಡುವಿನ ತೆಳುನೆರಳು ಅದಕ್ಕೆ ಗೊತ್ತಿಲ್ಲ. ಮಂಜು ಕವಿದಂತಿರುವ ಫ್ರಾಸ್ಟೆಡ್ ಗಾಜಿಗೆ ಶೇ. 75 ಇಟ್ಟರೆ ನೆಲದ ಮೇಲೆ ಇಟ್ಟಿಗೆ ಗೋಡೆಯಷ್ಟೇ ಕಪ್ಪು ನೆರಳು. ಶೇ. 65ಕ್ಕೆ ಇಳಿಸಿ, ಮುಗಿಯಿತು.

ಗಾಜಿನ ಮುಖ ಮತ್ತು ಚಾನಲ್‌ನ ಮುಖ ಒಂದೇ ಮಟ್ಟದಲ್ಲಿ ಕೂತರೆ ಅಲ್ಲಿ ಮಿಣಮಿಣ ಮಿನುಗುತ್ತದೆ. ಎರಡರ ನಡುವೆ 1 ಮಿ.ಮೀ. ಬಿಡಿ, ನಿಜವಾದ ಚಾನಲ್‌ನಲ್ಲೂ ಗಾಜಿನ ಎರಡು ಬದಿ ಸಿಲಿಕಾನ್‌ಗೋ ರಬ್ಬರಿಗೋ ಜಾಗ ಇರುತ್ತದೆ. ಹಿಂಜಿನ ಸಣ್ಣ ಸ್ಕ್ರೂ, ದುಂಡು ಅಂಚು ಇವನ್ನೆಲ್ಲ ಬಿಡಿಸಲು ಹೋದರೆ ತೀರಾ ಚಿಕ್ಕ ಮುಖಗಳು ಮೂಡದೇ ತೂತು ಬೀಳುತ್ತವೆ. ಹತ್ತು ಪಟ್ಟು ದೊಡ್ಡದಾಗಿ ಬಿಡಿಸಿ ಆಮೇಲೆ ಕುಗ್ಗಿಸುವುದು ಹಳೆಯ ಉಪಾಯ. ಆದರೆ ಬಾತ್‌ರೂಮ್ ಚಿತ್ರಕ್ಕೆ ಹಿಂಜಿನ ಬದಲು 90×55ರ ಒಂದು ಚಪ್ಪಟೆ ತುಂಡು ಸಾಕು.

ಸ್ಕೆಚ್‌ಅಪ್‌ನಿಂದ ಡಿಎಇ ಎಂಬ ಕಡತ ರೂಪದಲ್ಲಿ ಬೇರೆ ಕಡೆಗೆ ಒಯ್ಯುವಾಗ ಪಾರದರ್ಶಕತೆ ತಲೆಕೆಳಗಾಗುವುದುಂಟು. ಆ ರೂಪದಲ್ಲಿ ಪಾರದರ್ಶಕತೆಯನ್ನು ಓದುವ ರೀತಿ ಸಾಫ್ಟ್‌ವೇರ್‌ನಿಂದ ಸಾಫ್ಟ್‌ವೇರ್‌ಗೆ ಬೇರೆ. ಗಾಜು ಮಾಯವಾಗಿದೆ ಎಂದು ಮತ್ತೆ ಬಿಡಿಸಲು ಕೂರಬೇಡಿ. ಒಯ್ದ ಕಡೆ ಮಟೀರಿಯಲ್ ಒಂದನ್ನು ಸರಿಪಡಿಸಿದರೆ ಸಾಕು.

ಚೀಫ್ ಆರ್ಕಿಟೆಕ್ಟ್ ಮತ್ತು ಹೋಮ್ ಡಿಸೈನರ್

ಇವೆರಡೂ ಒಂದೇ ಕಂಪನಿಯವು. ಚೀಫ್ ಆರ್ಕಿಟೆಕ್ಟ್ ವೃತ್ತಿಪರರಿಗೆ, ಹೋಮ್ ಡಿಸೈನರ್ ಮನೆಯವರಿಗೆ. ಗಾಜನ್ನು ಗೋಡೆ ಎಂದೇ ಒಪ್ಪಿಕೊಳ್ಳುವುದು ಇವುಗಳ ಅನುಕೂಲ: ಗೋಡೆಯ ಬಗೆಗಳಲ್ಲೇ ಶವರ್ ಗಾಜು ಇದೆ, ಇಟ್ಟಿಗೆ ಗೋಡೆ ಎಳೆದ ಹಾಗೇ ಎಳೆದರಾಯಿತು, ಮೂಲೆಗಳು ತಾವಾಗಿ ಕೂಡುತ್ತವೆ. ಆದರೆ ಗೋಡೆ ಎಂದ ಮೇಲೆ ಗೋಡೆಯ ಚಾಳಿಯೂ ಬರುತ್ತದೆ. ಎಳೆದ ಕೂಡಲೇ ಗಾಜು ಸೀಲಿಂಗ್‌ವರೆಗೆ ಹೋಗುತ್ತದೆ. 2080ಕ್ಕೆ ನಿಲ್ಲಿಸಲು ಅದನ್ನು ಅರ್ಧಗೋಡೆಯಾಗಿ ಬದಲಿಸಿ ಎತ್ತರ ಕೊಡಬೇಕು. ಗಾಜಿನೊಳಗಿನ ಜಾಗ ಬೇರೆ ಕೋಣೆಯಾಗುತ್ತದೆ. ಬೇಡವೆಂದರೆ ಗೋಡೆಯ ವಿವರದಲ್ಲಿ ‘ನೋ ರೂಮ್ ಡೆಫಿನಿಷನ್’ ಗುರುತು ಹಾಕಬೇಕು. ಕೆಲವೊಮ್ಮೆ ಬೇರೆ ಕೋಣೆಯಾಗುವುದೇ ಒಳ್ಳೆಯದು: ಶವರ್ ಜಾಗದ ನೆಲವನ್ನು ಮಾತ್ರ 20 ಮಿ.ಮೀ. ತಗ್ಗಿಸಲು, ಅಲ್ಲಿಗೆ ಬೇರೆ ಟೈಲ್ ಹಾಕಲು ಸುಲಭ. ಗಾಜಿನ ಗೋಡೆಗೆ ಬಾಗಿಲು ಇಟ್ಟರೆ ಮರದ ಬಾಗಿಲಿನ ಹಾಗೆ ಚೌಕಟ್ಟೂ ಪಟ್ಟಿಯೂ ಜತೆಗೆ ಬರುತ್ತವೆ. ಅವುಗಳ ಅಗಲವನ್ನು ಸೊನ್ನೆ ಮಾಡುವುದನ್ನು ಮರೆಯಬೇಡಿ.

ನಮ್ಮ ಊರುಗಳ ಮಟ್ಟಿಗೆ ಇದನ್ನು ಕೊಳ್ಳಿ ಎಂದು ಹೇಳುವುದು ಕಷ್ಟ. ಬೆಲೆ ಡಾಲರಿನಲ್ಲಿ, ತಯಾರಾಗಿರುವುದು ಅಮೆರಿಕದ ಮರದ ಚೌಕಟ್ಟಿನ ಮನೆಗಳ ಲೆಕ್ಕಕ್ಕೆ, ಅಳತೆಯನ್ನು ಮೆಟ್ರಿಕ್‌ಗೆ ಬದಲಿಸಿಕೊಳ್ಳಬೇಕು. ಇಡೀ ಮನೆಯನ್ನು ಅದರಲ್ಲೇ ಬಿಡಿಸುವವರಿಗೆ ಸರಿ; ಒಂದು ಬಾತ್‌ರೂಮಿಗಾಗಿ ಬೇಡ.

ಬ್ಲೆಂಡರ್: ಚಿತ್ರ ನಿಜದಂತೆ ಬರಬೇಕಾದಾಗ ಮಾತ್ರ

ಇದೂ ಉಚಿತ. ಸ್ವೀಟ್ ಹೋಮ್ 3ಡಿಯಲ್ಲಿ ಪ್ಲಾನ್ ಬಿಡಿಸಿ, ಓಬಿಜೆ ಮಾಡಿ ಇಲ್ಲಿಗೆ ತರುವುದು ಚೆನ್ನಾಗಿ ನಡೆಯುತ್ತದೆ. ಪ್ರಿನ್ಸಿಪಲ್ಡ್ ಮಟೀರಿಯಲ್‌ನಲ್ಲಿ ಟ್ರಾನ್ಸ್‌ಮಿಷನ್ 1, ರಫ್‌ನೆಸ್ 0, ಐಒಆರ್ (ಬೆಳಕು ಬಗ್ಗುವ ಪ್ರಮಾಣ) 1.5 ಇಟ್ಟರೆ ತಿಳಿಗಾಜು. ರಫ್‌ನೆಸ್ 0.3–0.4 ಮಾಡಿದರೆ ಫ್ರಾಸ್ಟೆಡ್. ದಪ್ಪವಿಲ್ಲದ ಒಂದೇ ಹಾಳೆಗೆ ಈ ಮಟೀರಿಯಲ್ ಹಾಕಿದರೆ ಹಿಂದಿನ ಟೈಲ್ ಗೆರೆಗಳು ಸೊಟ್ಟ ಕಾಣುತ್ತವೆ, ಏಕೆಂದರೆ ಬೆಳಕು ಗಾಜಿನೊಳಗೆ ಹೋದದ್ದು ಹೊರಗೆ ಬರುವುದೇ ಇಲ್ಲ. ಸಾಲಿಡಿಫೈ ಮಾಡಿಫೈಯರ್‌ನಿಂದ 8 ಮಿ.ಮೀ. ದಪ್ಪ ಕೊಡಿ, ಸ್ಕೇಲನ್ನು ಅಪ್ಲೈ ಮಾಡಿ, ಎಲ್ಲ ಮುಖಗಳೂ ಹೊರಕ್ಕೆ ತಿರುಗಿವೆಯೇ ನೋಡಿ.

ಬ್ಲೆಂಡರಿನ ಚಿತ್ರ ತಯಾರಿಸುವ ಎಂಜಿನ್ ಆದ ಸೈಕಲ್ಸ್‌ನಲ್ಲಿ ಗಾಜಿನ ಹಿಂದಿನ ಶವರ್ ಜಾಗ ಗವಿಯಂತೆ ಕಪ್ಪಾಗುವುದು ಎಲ್ಲರಿಗೂ ಆಗುವ ತೊಂದರೆ. ಗಾಜು ನೆರಳು ಚೆಲ್ಲುತ್ತಿರುತ್ತದೆ, ದೀಪದ ಬೆಳಕು ನೇರ ಒಳಗೆ ಹೋಗುತ್ತಿಲ್ಲ. ಗಾಜಿನ ಶೇಡರನ್ನೂ ಟ್ರಾನ್ಸ್‌ಪರೆಂಟ್ ಶೇಡರನ್ನೂ ಮಿಕ್ಸ್ ಮಾಡಿ, ಲೈಟ್ ಪಾತ್ ನೋಡ್‌ನ ‘ಈಸ್ ಶ್ಯಾಡೋ ರೇ’ಯನ್ನು ಮಿಕ್ಸ್‌ನ ಅಂಶಕ್ಕೆ ಜೋಡಿಸಿದರೆ ನೆರಳಿನ ಮಟ್ಟಿಗೆ ಗಾಜು ಇಲ್ಲದಂತಾಗುತ್ತದೆ. ಹಾಗೆಂದು ಮೇಸ್ತ್ರಿಗೆ ತೋರಿಸಲು ಬ್ಲೆಂಡರ್ ಕಲಿಯುವ ಅಗತ್ಯ ಖಂಡಿತ ಇಲ್ಲ.

ಮೊಬೈಲಿನಲ್ಲಿ, ಬ್ರೌಸರಿನಲ್ಲಿ ಎಳೆದು ಬಿಡುವ ಆ್ಯಪ್‌ಗಳ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ಅವುಗಳ ಶವರ್ ಕ್ಯಾಬಿನ್‌ಗಳು ಸಿದ್ಧ ಅಳತೆಯವು. ಬಣ್ಣ, ಟೈಲ್ ಆರಿಸಲು ಪರವಾಗಿಲ್ಲ, ಅಳತೆಗೆ ನಂಬುವ ಹಾಗಿಲ್ಲ.

ಸಾಫ್ಟ್‌ವೇರ್ ಹೇಳದ ಸಂಗತಿಗಳು

ಎಲ್ಲ ಸಾಫ್ಟ್‌ವೇರ್‌ಗಳ ನೆಲವೂ ಮಟ್ಟಸ, ಗೋಡೆಯೂ ನೆಟ್ಟಗೆ. ನಿಜವಾದ ಬಾತ್‌ರೂಮಿನ ನೆಲಕ್ಕೆ ವಾಟ ಇರುತ್ತದೆ. 80ಕ್ಕೆ 1ರ ವಾಟ ಎಂದರೆ 750 ಮಿ.ಮೀ. ಉದ್ದಕ್ಕೆ ಸುಮಾರು 9 ಮಿ.ಮೀ. ಇಳಿತ. ವಾಟದ ದಿಕ್ಕಿನಲ್ಲೇ ಗಾಜು ನಿಂತರೆ ಒಂದು ತುದಿ ನೆಲಕ್ಕೆ ತಾಗಿ ಇನ್ನೊಂದು ತುದಿಯಲ್ಲಿ ಬೆರಳು ತೂರುವಷ್ಟು ಸಂದು. ಅದನ್ನು ಸಿಲಿಕಾನ್ ತುಂಬಿ ಮುಚ್ಚುವವರಿದ್ದಾರೆ. ಕೆಲವು ತಿಂಗಳಿಗೇ ಕಪ್ಪು ಹಿಡಿಯುತ್ತದೆ. ಸರಿಯಾದ ದಾರಿ, ಗಾಜಿನ ಸಾಲಿಗೆ 75 ಮಿ.ಮೀ. ಅಗಲ, ಹತ್ತಿರದ ಟೈಲಿಗಿಂತ 20 ಮಿ.ಮೀ. ಎತ್ತರ ನಿಲ್ಲುವ ಗ್ರಾನೈಟ್ ಪಟ್ಟಿಯನ್ನು ರಸಮಟ್ಟ ಇಟ್ಟು ಕೂರಿಸಿ, ಅದರ ಮೇಲೆ ಗಾಜು ನಿಲ್ಲಿಸುವುದು. ಹೊಸ್ತಿಲಿನಂಥ ಈ ಪಟ್ಟಿ ನೀರನ್ನೂ ತಡೆಯುತ್ತದೆ. ಮಾದರಿಯಲ್ಲಿ ಗಾಜನ್ನು 2 ಸೆಂ.ಮೀ. ಮೇಲೆ ಇಡಲು ಹೇಳಿದ್ದು ಇದಕ್ಕೆ.

2080ರ ಎತ್ತರಕ್ಕೂ ಲೆಕ್ಕವಿದೆ. ಪಟ್ಟಿ 20 ಸೇರಿ 2100, ಅಂದರೆ 300 ಮಿ.ಮೀ. ಎತ್ತರದ ಏಳು ಸಾಲು ಟೈಲ್, ಮತ್ತು 7 ಅಡಿ ಲಿಂಟಲ್‌ಗೆ ಹತ್ತಿರ ಹತ್ತಿರ. ಗಾಜಿನ ತಲೆ ಟೈಲ್ ಗೆರೆಗೆ ಸರಿಯಾಗಿ ಕೂತರೆ ನೋಡಲು ಚಂದ. ಆದರೆ ಸ್ಪೇಸರ್ ಇಟ್ಟು 2 ಮಿ.ಮೀ. ಸಂದು ಬಿಟ್ಟಿದ್ದರೆ ಏಳು ಸಾಲಿನ ನಡುವೆ ಆರು ಸಂದು, 12 ಮಿ.ಮೀ. ಹೆಚ್ಚು. ಸಾಫ್ಟ್‌ವೇರ್‌ನ ಟೈಲ್ ಚಿತ್ರದಲ್ಲಿ ಈ 12 ಮಿ.ಮೀ. ಇರುವುದಿಲ್ಲ. ಗಾಜನ್ನು ಸೀಲಿಂಗ್‌ವರೆಗೆ ಒಯ್ಯುವ ಆಸೆ ಇದ್ದರೆ ವೆಂಟಿಲೇಟರ್ ಯಾವ ಕಡೆಗಿದೆ ನೋಡಿ. ಅದು ಶವರ್ ಆಚೆ ಉಳಿದರೆ ಒಳಗಿನ ಹಬೆ ಹೊರಗೆ ಹೋಗುವುದಿಲ್ಲ. ಮೇಲೆ ಒಂದಡಿಯಾದರೂ ಬಿಡಬೇಕು.

ಗೋಡೆಯೊಳಗೆ ಹುದುಗಿದ (ಕನ್ಸೀಲ್ಡ್) ಪೈಪುಗಳನ್ನೂ ಮಾದರಿಗೆ ಸೇರಿಸಿ. ಸ್ವೀಟ್ ಹೋಮ್ 3ಡಿಯಲ್ಲಿ ಪಾಲಿಲೈನ್, ಸ್ಕೆಚ್‌ಅಪ್‌ನಲ್ಲಿ ಬೇರೆ ಟ್ಯಾಗ್‌ನಲ್ಲಿ ಒಂದು ಗೆರೆ, ಅಷ್ಟೇ ಸಾಕು. ಪ್ಲಾಸ್ಟರ್‌ಗೆ ಮೊದಲು ಗೋಡೆಗೆ ಟೇಪ್ ಹಿಡಿದು ತೆಗೆದ ಫೋಟೊ ನೋಡಿ ಎಳೆಯಿರಿ. ಯು ಚಾನಲ್‌ನ ಸಾಲು ಪೈಪಿನಿಂದ 100 ಮಿ.ಮೀ. ದೂರವಿದ್ದರೆ ಡ್ರಿಲ್ ಹಾಕುವಾಗ ಎದೆ ಹೊಡೆದುಕೊಳ್ಳುವುದಿಲ್ಲ.

ಕೋಲಾರ, ಚಿಕ್ಕಬಳ್ಳಾಪುರದ ಕಡೆಯ ಬೋರ್‌ವೆಲ್ ನೀರು ಗಡಸು. ಒಣಗಿದಲ್ಲೆಲ್ಲ ಬಿಳಿ ಕಲೆ ಕೂರುತ್ತದೆ. ರೆಂಡರ್‌ನಲ್ಲಿ ಫಳಫಳ ಹೊಳೆಯುವ ತಿಳಿಗಾಜು ಹಾಗೇ ಉಳಿಯಬೇಕೆಂದರೆ ಪ್ರತಿ ಸ್ನಾನದ ಬಳಿಕ ವೈಪರ್ ಎಳೆಯಬೇಕು. ಎಳೆಯುವವರು ಮನೆಯಲ್ಲಿ ಯಾರು ಎಂದು ಕೇಳಿಕೊಂಡು, ಕೆಳಗಿನ 1200 ಮಿ.ಮೀ. ಫ್ರಾಸ್ಟೆಡ್, ಮೇಲೆ ತಿಳಿ ಎಂಬ ಇನ್ನೊಂದು ರೂಪವನ್ನೂ ಬಿಡಿಸಿ ತೋರಿಸುವುದು ಒಳ್ಳೆಯದು. ಸ್ಕೆಚ್‌ಅಪ್‌ನಲ್ಲಿ ಮುಖದ ಮೇಲೆ ಒಂದು ಅಡ್ಡಗೆರೆ ಎಳೆದು ಎರಡು ಬಣ್ಣ ಬಳಿದರೆ ಆಯಿತು. ಸ್ವೀಟ್ ಹೋಮ್ 3ಡಿಯಲ್ಲಿ ಎರಡು ಹಾಳೆಯನ್ನು ಒಂದರ ಮೇಲೊಂದು ನಿಲ್ಲಿಸಬೇಕು.

ಗಾಜಿನವರಿಗೆ ಕೊಡುವ ಚಿತ್ರ

ಮನೆಯವರಿಗೆ ತೋರಿಸಿದ 3ಡಿ ಚಿತ್ರ ಗಾಜಿನವರಿಗೆ ಕೆಲಸಕ್ಕೆ ಬಾರದು. ಶವರಿಗೆ ಹಾಕುವುದು ಕಾಯಿಸಿ ಗಟ್ಟಿಗೊಳಿಸಿದ ಟಫನ್ಡ್ ಗಾಜು, ಸಾಮಾನ್ಯವಾಗಿ 8 ಅಥವಾ 10 ಮಿ.ಮೀ. ಕುಲುಮೆಯಿಂದ ಹೊರಬಂದ ಮೇಲೆ ಅದನ್ನು ಕತ್ತರಿಸಲೂ ಆಗದು, ತೂತು ಕೊರೆಯಲೂ ಆಗದು. ಪ್ರಯತ್ನಿಸಿದರೆ ಇಡೀ ಹಾಳೆ ಕಾಳುಕಾಳಾಗಿ ಉದುರುತ್ತದೆ. ಹಿಂಜಿನ ಕಚ್ಚು, ಹಿಡಿಯ ತೂತು ಎಲ್ಲವೂ ಚಿತ್ರದಲ್ಲಿ ಮೊದಲೇ ಇರಬೇಕು. ತೂತಿನ ವ್ಯಾಸ ಗಾಜಿನ ದಪ್ಪಕ್ಕಿಂತ ಕಡಿಮೆ ಇರಬಾರದು. ಅಂಚಿನಿಂದ ತೂತಿಗೆ ದಪ್ಪದ ಎರಡು ಪಟ್ಟು, ಅಂದರೆ 8 ಮಿ.ಮೀ. ಗಾಜಿಗೆ 16 ಮಿ.ಮೀ. ಆದರೂ ಬಿಡಬೇಕು. ಹಿಂಜಿನ ಕಚ್ಚಿನ ಆಕಾರ ಕಂಪನಿಯಿಂದ ಕಂಪನಿಗೆ ಬೇರೆ. ಹಿಂಜ್ ಕೈಗೆ ಬಂದ ಮೇಲೆ, ಅದರ ಡಬ್ಬಿಯಲ್ಲಿರುವ ಚೀಟಿ ನೋಡಿ ಬಿಡಿಸಿ.

ಇದಕ್ಕೆ ಎರಡು ಆಯಾಮದ ಎದುರುನೋಟ ಸಾಕು. ಎಂಜಿನಿಯರ್ ಕಚೇರಿಯಲ್ಲಿ ಆಟೋಕ್ಯಾಡ್ ಇದ್ದರೆ ಅದರಲ್ಲೇ ಮಾಡಿಸಿ. ಉಚಿತವಾಗಿ ಬೇಕೆಂದರೆ ಫ್ರೀಕ್ಯಾಡ್ ಚೆನ್ನಾಗಿದೆ: ಹಾಳೆಯನ್ನು 3ಡಿಯಲ್ಲಿ ಬಿಡಿಸಿ, ನೋಟದ ಗುಣಗಳಲ್ಲಿ ಟ್ರಾನ್ಸ್‌ಪರೆನ್ಸಿ 70–80 ಇಟ್ಟು ನೋಡಿ, ಟೆಕ್‌ಡ್ರಾನಲ್ಲಿ ಅಳತೆ ಹಾಕಿದ ಹಾಳೆ ತೆಗೆಯಬಹುದು. ತೂತನ್ನು 5 ಮಿ.ಮೀ. ಸರಿಸಿದರೆ ಚಿತ್ರದ ಅಳತೆಯೂ ತಾನಾಗಿ ಬದಲಾಗುತ್ತದೆ, ಕೈಯಲ್ಲಿ ತಿದ್ದಿ ಮರೆಯುವ ಭಯವಿಲ್ಲ.

ಚಿತ್ರದ ಮೇಲೆ ತೂಕವನ್ನೂ ಬರೆಯಿರಿ. ಗಾಜು ಒಂದು ಚದರ ಮೀಟರಿಗೆ, ಒಂದು ಮಿ.ಮೀ. ದಪ್ಪಕ್ಕೆ 2.5 ಕೆ.ಜಿ. ನಮ್ಮ 750×2080ರ ಹಾಳೆ 1.56 ಚದರ ಮೀಟರ್, 8 ಮಿ.ಮೀ. ಆದರೆ 31 ಕೆ.ಜಿ., 10 ಮಿ.ಮೀ. ಆದರೆ 39. ಬಾಗಿಲಿದ್ದರೆ ಅದರ ತೂಕವನ್ನೂ ಹೀಗೇ ಲೆಕ್ಕ ಹಾಕಿ, ಹಿಂಜ್ ಜೋಡಿ ಎಷ್ಟು ಹೊರುತ್ತದೆ ಎಂದು ಡಬ್ಬಿಯ ಮೇಲೆ ಬರೆದಿರುವುದರ ಜತೆ ಹೋಲಿಸಿ. ಮೆಟ್ಟಿಲಿನಲ್ಲಿ ಹೊತ್ತು ಮೊದಲ ಮಹಡಿಗೆ ಏರಿಸುವವರಿಗೂ ಇದು ಗೊತ್ತಿರಲಿ. ಬಾಗಿಲಿದ್ದರೆ ಹಿಂಜಿನ ಕಡೆ 3ರಿಂದ 5, ಕೆಳಗೆ 8ರಿಂದ 10 ಮಿ.ಮೀ. ಸಂದನ್ನು ಚಿತ್ರದಲ್ಲೇ ತೋರಿಸಿ. ಹಾಳೆಯ ಅಳತೆ ಸಂದು ಕಳೆದ ಮೇಲಿನದ್ದು ಎಂದು ಸ್ಪಷ್ಟವಾಗಿ ಬರೆಯಿರಿ, ಇಲ್ಲದಿದ್ದರೆ ಅವರೂ ಒಮ್ಮೆ ಕಳೆಯುತ್ತಾರೆ.

ಇಷ್ಟಾದರೂ ಮಾದರಿಯಿಂದ ತೆಗೆದ ಅಳತೆಗೆ ಗಾಜಿನ ಆರ್ಡರ್ ಕೊಡಬೇಡಿ. ಟೈಲ್ ಕೂತು ಗ್ರೌಟ್ ಒಣಗಿದ ಮೇಲೆ ಗಾಜು ನಿಲ್ಲುವ ಸಾಲಿನಲ್ಲಿ ಕೆಳಗೆ, ನಡುವೆ, ಮೇಲೆ ಹೀಗೆ ಮೂರು ಕಡೆ ಅಗಲ ಹಿಡಿದು ಚಿಕ್ಕದನ್ನು ಇಟ್ಟುಕೊಳ್ಳಿ. ಗೋಡೆಗೆ ತೂಗುಗುಂಡು ಬಿಟ್ಟು ನೋಡಿ. ಎರಡು ಮೀಟರ್ ಎತ್ತರಕ್ಕೆ 4–5 ಮಿ.ಮೀ. ವಾಲಿದ್ದರೆ 12–15 ಮಿ.ಮೀ. ಆಳದ ಯು ಚಾನಲ್ ಅದನ್ನು ನುಂಗಿಕೊಳ್ಳುತ್ತದೆ. ಅದಕ್ಕಿಂತ ಹೆಚ್ಚಿದ್ದರೆ ಚಾನಲ್ ಬಿಟ್ಟು ಕ್ಲ್ಯಾಂಪ್ ಹಾಕುವ ಯೋಚನೆ ಬೇಡ, ಸಂದು ಎದ್ದು ಕಾಣುತ್ತದೆ. ಆಮೇಲೆ ಮಾದರಿಯನ್ನು ಆ ಅಳತೆಗೆ ತಿದ್ದಿ, ತಾರೀಖು ಹಾಕಿ, ಹಳೆಯ ಪ್ರತಿಯನ್ನು ವಾಟ್ಸ್ಆ್ಯಪ್ ಗುಂಪಿನಿಂದ ಅಳಿಸಿ ಹೊಸದನ್ನು ಹಾಕಿ.